ರಕ್ತದಾನಿಗಳ ಗುಂಪಿನಿಂದ ಒಬ್ಬರನ್ನು ತೆಗೆಯುವ ಮುಂಚೆ: ನನ್ನ ಅನುಭವ

ದಾವಣಗೆರೆಯಲ್ಲಿ ನಮ್ಮ ರಕ್ತದಾನಿಗಳ ವಾಟ್ಸಾಪ್ ಗುಂಪಿಗೆ ಈಗ ಒಂಬತ್ತು ವರ್ಷದ ಹತ್ತಿರ ಆಯಿತು. ಸುಮಾರು 900 ಜನ ಇದ್ದೇವೆ. ಎರಡು ವರ್ಷದಿಂದ ಒಂದು ದೊಡ್ಡ ಜಗಳ ಆಗಿಲ್ಲ. "ಪುಕ್ಕಟೆ ಸೇವೆ ಮಾಡೋರಿಗೆ ರೂಲ್ಸ್ ಹಾಕಿದ್ರೆ ಒಬ್ರೂ ಉಳಿಯಲ್ಲ" ಎಂದಿದ್ದ ಅಕ್ಕಪಕ್ಕದ ಊರಿನ ಅಡ್ಮಿನ್‌ಗಳು ಈಗ ಫೋನ್ ಮಾಡಿ, ಹೇಗೆ ಮಾಡಿದ್ರಿ ಎಂದು ಕೇಳುತ್ತಾರೆ. ಎಲ್ಲರಿಗೂ ಬಿಡಿಬಿಡಿಯಾಗಿ ಹೇಳಿ ಸಾಕಾಗಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ನನ್ನ ತಪ್ಪು ಹೇಳುತ್ತೇನೆ. ಗುಂಪಿಗೆ 256 ಜನರ ಮಿತಿ ಇದ್ದ ಕಾಲ, 2019 ಇರಬೇಕು. ಓ ನೆಗೆಟಿವ್ ದಾನಿಯೊಬ್ಬರು ರಾತ್ರಿ ಹನ್ನೊಂದಕ್ಕೆ ಇನ್ನೊಬ್ಬರಿಗೆ ಕೆಟ್ಟದಾಗಿ ಬೈದರು. ನಾನು ಎಲ್ಲರೆದುರೇ ಅವರಿಗೆ ನಾಲ್ಕು ಮಾತು ಅಂದು ತೆಗೆದುಬಿಟ್ಟೆ. ಬೆಳಗಾಗುವಷ್ಟರಲ್ಲಿ ಅವರದೇ ಬೇರೆ ಗುಂಪು ರೆಡಿ. ನಮ್ಮವರು ನಲವತ್ತು ಜನ ಅಲ್ಲಿಗೆ ಹೋದರು. ಮುಂದಿನ ತಿಂಗಳು ಒಂದು ಹೆರಿಗೆ ಕೇಸಿಗೆ ಓ ನೆಗೆಟಿವ್ ಬೇಕಾಯಿತು. ಚಿತ್ರದುರ್ಗದಿಂದ ದಾನಿಯನ್ನು ಕರೆಸಿದೆ. ಕಾರಿನ ಬಾಡಿಗೆ 1,800 ರೂಪಾಯಿಯೋ ಏನೋ, ನನ್ನ ಜೇಬಿನಿಂದಲೇ ಹೋಯಿತು. ನಾನು ತೆಗೆದುಹಾಕಿದ್ದವರ ಮನೆ ಆಸ್ಪತ್ರೆಯಿಂದ ಎರಡು ಕಿಲೋಮೀಟರ್. ಅವರಿಗೆ ಫೋನ್ ಮಾಡಲು ಮುಖ ಇರಲಿಲ್ಲ.

ಆಮೇಲೆ ಹದಿನೇಳು ನಿಯಮ ಬರೆದು ಪಿನ್ ಮಾಡಿದೆ. ಯಾರೂ ಓದಲಿಲ್ಲ. ಬೈದರೆ 50 ರೂಪಾಯಿ ದಂಡ ಎಂದೂ ಮಾಡಿ ನೋಡಿದೆ. ಒಬ್ಬರು 100 ರೂಪಾಯಿ ಫೋನ್‌ಪೇ ಮಾಡಿ, "ಇವತ್ತಿಂದೂ ನಾಳೆದೂ ಸೇರಿಸಿ ಹಾಕಿದೀನಿ" ಎಂದು ಇನ್ನೂ ಜೋರಾಗಿ ಬೈದರು. ಒಟ್ಟು 650 ರೂಪಾಯಿ ಸೇರಿತ್ತು. ಆ 650ರ ಲೆಕ್ಕದ ಮೇಲೆ ಮೂರು ತಿಂಗಳು ಜಗಳ. ಅವತ್ತಿನಿಂದ ಗುಂಪಿನ ಹೆಸರಲ್ಲಿ ಒಂದು ಪೈಸೆ ಮುಟ್ಟಿಲ್ಲ.

ದಾರಿ ಸಿಕ್ಕಿದ್ದು ಒಂದು ಫೋನಿನಿಂದ. ಡೆಂಗಿ ಜಾಸ್ತಿ ಇದ್ದ ಮಳೆಗಾಲ. ಗಂಡನಿಗೆ ಪ್ಲೇಟ್‌ಲೆಟ್ ಬೇಕು ಎಂದು ಕೇಳಿದ ಹೆಣ್ಣುಮಗಳಿಗೆ ನಮ್ಮ ಸದಸ್ಯರೊಬ್ಬರು, "ನಿಮ್ಮನೇಲಿ ಗಂಡಸರು ಯಾರೂ ಇಲ್ವಾ?" ಎಂದು ಬರೆದರು. ಆ ಸಲ ನಾನು ಗುಂಪಿನಲ್ಲಿ ಏನೂ ಬರೆಯಲಿಲ್ಲ, ನೇರ ಅವರಿಗೇ ಫೋನ್ ಹಚ್ಚಿದೆ. "ಯಾಕಣ್ಣ, ಆ ಅಮ್ಮಂಗೆ ಹಂಗಂದ್ರಿ?" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. "ಮೊನ್ನೆ ಕೆಲಸ ಬಿಟ್ಟು ಹರಿಹರದಿಂದ ಬಂದಿದ್ದೆ ಸಾರ್. ಬ್ಲಡ್ ಬ್ಯಾಂಕ್ ಮುಂದೆ ಮೂರು ತಾಸು ಕೂತೆ. ಆಮೇಲೆ ಗೊತ್ತಾತು, ಬೆಳಗ್ಗೇನೇ ಸಿಕ್ಕಿತ್ತಂತೆ. ಒಬ್ರೂ ಹೇಳ್ಲಿಲ್ಲ." ಅವತ್ತಿನ ಕೂಲಿಯೂ ಹೋಗಿತ್ತು.

ಆ ರಾತ್ರಿ ಕೂತು ಹಳೇ ಜಗಳಗಳನ್ನೆಲ್ಲ ಮತ್ತೆ ಓದಿದೆ. ಅರ್ಧಕ್ಕಿಂತ ಜಾಸ್ತಿ ಜಗಳದ ಹಿಂದೆ ಇಂಥದ್ದೇ ಒಂದು ಇತ್ತು. ರಕ್ತ ಸಿಕ್ಕ ಮೇಲೂ ಹಾಗೇ ಬಿಟ್ಟ ಮನವಿ. ಇಲ್ಲವೇ, ಒಂದು ಸಲ ರಕ್ತ ಕೊಟ್ಟ ಮೇಲೆ ಮತ್ತೆ ಕೊಡಲು ಹೆಂಗಸರಿಗೆ 120 ದಿನದ ಅಂತರ ಎಂದು ಗೊತ್ತಿಲ್ಲದೆ, ಗಂಡಸರ 90 ದಿನದ ಲೆಕ್ಕ ಹಿಡಿದು "ಮೂರು ತಿಂಗಳಾಯ್ತಲ್ಲ, ಯಾಕೆ ಬರಲ್ಲ" ಎಂದು ಚುಚ್ಚುವುದು. ಈಗ ಡ್ಯೂಟಿಯಲ್ಲಿರುವ ಅಡ್ಮಿನ್ ಎರಡು ಗಂಟೆಗೊಮ್ಮೆ ರೋಗಿಯ ಕಡೆಯವರಿಗೆ ಫೋನ್ ಮಾಡುತ್ತಾರೆ. ಸಿಕ್ಕಿದ್ದರೆ ಮನವಿಯ ಕೆಳಗೆ "ಸಿಕ್ಕಿತು" ಎಂದು ಹಾಕಿ, ಹೊರಟವರಿಗೆ ತಿಳಿಸುತ್ತಾರೆ. ಹೆಣ್ಣು ದಾನಿಗಳ ಪಟ್ಟಿ ಇಬ್ಬರು ಮಹಿಳಾ ಅಡ್ಮಿನ್‌ಗಳ ಹತ್ತಿರ ಮಾತ್ರ ಇರುತ್ತದೆ.

ಇನ್ನು ತೆಗೆಯುವ ವಿಷಯ. ಮನವಿಗೆ ಒಂದು ಗುಂಪು, ಮಾತಿಗೆ ಒಂದು ಗುಂಪು. ಮನವಿಯ ಗುಂಪಿನಲ್ಲಿ ಅಡ್ಮಿನ್ ಮಾತ್ರ ಬರೆಯಬಹುದು. ಬೈದವರನ್ನು ಮಾತಿನ ಗುಂಪಿನಿಂದ ಹದಿನೈದು ದಿನ ಹೊರಗಿಡುತ್ತೇವೆ. ಮನವಿಯ ಗುಂಪಿನಲ್ಲಿ ಅವರು ಇದ್ದೇ ಇರುತ್ತಾರೆ. ರಕ್ತ ಬೇಕಾದರೆ ಅವರಿಗೂ ಫೋನ್ ಹೋಗುತ್ತದೆ. ತೆಗೆಯುವ ಮುಂಚೆ ಒಂದು ಕರೆ ಮಾಡಲೇಬೇಕು. ಯಾವ ಅಡ್ಮಿನ್ ಜೊತೆ ಜಗಳ ಆಗಿದೆಯೋ ಅವರಿಗೆ ತೀರ್ಮಾನದಲ್ಲಿ ಮಾತಿಲ್ಲ, ಉಳಿದವರು ನೋಡುತ್ತಾರೆ.

ಹದಿನಾರನೇ ದಿನ, ತೆಗೆದ ಅಡ್ಮಿನ್ನೇ ಅವರಿಗೆ ಫೋನ್ ಮಾಡಿ ವಾಪಸ್ ಸೇರಿಸಬೇಕು. ಬೇರೆ ಊರಿನವರು ಇದನ್ನೇ ಬಿಡುತ್ತಾರೆ. ಅಡ್ಮಿನ್ ತೆಗೆದ ನಂಬರ್ ಹಳೇ ಲಿಂಕಿನಿಂದ ಒಳಗೆ ಬರೋಕಾಗಲ್ಲ ಅಲ್ವಾ? ನಾವು ಮರೆತರೆ ಅವರು ಶಾಶ್ವತ ಹೊರಗೇ. ನಾನು ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಿಂದ ಗುರುತು ಹಾಕುತ್ತೇನೆ. ಈವರೆಗೆ ಮೂವತ್ತೈದು ಜನ ಹೀಗೆ ಹೊರಗಿದ್ದರು, ಇಪ್ಪತ್ತೆಂಟು ಜನ ವಾಪಸ್ ಬಂದಿದ್ದಾರೆ. ಹರಿಹರದವರು ಈಗ ನಮ್ಮ ಅಡ್ಮಿನ್.

ಮೂರು ವಿಷಯಕ್ಕೆ ಮಾತ್ರ ಕರೆಯೂ ಇಲ್ಲ, ಹದಿನೈದು ದಿನವೂ ಇಲ್ಲ, ನೇರ ತೆಗೆಯುವುದೇ. ದುಡ್ಡು ಕೇಳುವುದು, ಹೆಣ್ಣುಮಕ್ಕಳಿಗೆ ಹೊತ್ತಲ್ಲದ ಹೊತ್ತಲ್ಲಿ ಫೋನ್ ಮಾಡುವುದು, ಸುಳ್ಳು ಮನವಿ. ರಕ್ತ ಮಾರುವುದು 1998ರಿಂದಲೇ ನಿಷೇಧ. ಆದರೂ ಒಬ್ಬ ದಲ್ಲಾಳಿ ನಮ್ಮ ಗುಂಪಿನಲ್ಲಿದ್ದುಕೊಂಡೇ ಒಂದು ಯೂನಿಟ್‌ಗೆ 3,500 ಕೇಳಿದ್ದ. ತೆಗೆದ ಮೇಲೆ ಎರಡು ಬೇರೆ ನಂಬರಿನಿಂದ ಬಂದ. ಹೊಸಬರಿಗೆ ನಾನು ಒಂದು ಪ್ರಶ್ನೆ ಕೇಳುತ್ತೇನೆ, ಅದರಲ್ಲಿ ಎರಡು ಸಲವೂ ಸಿಕ್ಕಿಬಿದ್ದ. ಆ ಪ್ರಶ್ನೆ ಇಲ್ಲಿ ಬರೆಯಲ್ಲ, ದಲ್ಲಾಳಿಗಳೂ ಇದನ್ನು ಓದುತ್ತಾರೆ. ಅಡ್ಮಿನ್‌ಗಳು ಎದುರು ಸಿಕ್ಕರೆ ಹೇಳುತ್ತೇನೆ.

ಇನ್ನೊಂದು ಪ್ರಯೋಗವನ್ನೂ ಮಾಡಿದೆವು. ಟೈಪ್ ಮಾಡಿದರೆ ಮಾತು ಒರಟಾಗಿ ಕೇಳುತ್ತದೆ, ವಾಯ್ಸ್ ಮೆಸೇಜ್ ಹಾಕಿ ಎಂದೆವು. ಬೈಗುಳ ಇನ್ನೂ ಉದ್ದವಾಯಿತು, ವಾರಕ್ಕೇ ನಿಲ್ಲಿಸಿದೆವು. ಆದರೆ ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಮಾತಿನ ಗುಂಪಿಗೆ ಬೀಗ ಹಾಕಿದ್ದು ತುಂಬಾ ಕೆಲಸ ಮಾಡಿತು.

ಹೋದ ವರ್ಷ ಆ ಓ ನೆಗೆಟಿವ್ ದಾನಿಯ ಮನೆಗೇ ಹೋದೆ. ನನ್ನದು ತಪ್ಪಾಯಿತು ಎಂದೆ. ಮಂಡಕ್ಕಿ, ಮಿರ್ಚಿ ತರಿಸಿದರು. "ಗುಂಪಿಗೆ ಬರಲ್ಲ, ನಂಬರ್ ಪಟ್ಟಿಯಲ್ಲಿ ಇಟ್ಕೊಳ್ಳಿ" ಎಂದರು. ಆಮೇಲೆ ಎರಡು ಸಲ ಕೊಟ್ಟಿದ್ದಾರೆ. ಬರುವ ಸೋಮವಾರಕ್ಕೆ ಅವರ 90 ದಿನ ಮುಗಿಯುತ್ತದೆ.