ಲಿನಕ್ಸ್ ಕರ್ನಲ್‌ನಿಂದ ಹಳೇ ಡ್ರೈವರ್ ತೆಗೆಯುವುದು ಹೇಗೆ?

ಹಳೇದು ಅಂದ ತಕ್ಷಣ ಕತ್ತರಿ ಹಾಕಬೇಡಿ. ನಾನು ಕಂಪ್ಯೂಟರ್ ರಿಪೇರಿಗೆ ಹೋಗುವ ದಾವಣಗೆರೆ ಮಂಡಿಪೇಟೆಯ ದಲ್ಲಾಳಿ ಅಂಗಡಿಗಳಲ್ಲಿ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಇವತ್ತಿಗೂ ಕರಕರ ಅಂತ ಬಿಲ್ ಹೊಡೆಯುತ್ತದೆ. ಕೆಲವಕ್ಕೆ ಪ್ಯಾರಲಲ್ ಪೋರ್ಟ್ ಕೇಬಲ್ಲೇ ಗತಿ. ಅದನ್ನು ನಡೆಸುವ ಕೋಡಿಗೆ, ಅಂದರೆ ಡ್ರೈವರ್‌ಗೆ, ವಯಸ್ಸಾಗಿದೆ, ಆದರೆ ಕೆಲಸ ಇದೆ. ಲಿನಕ್ಸ್ ಕರ್ನಲ್‌ನಿಂದ, ಅಂದರೆ ಆ ಆಪರೇಟಿಂಗ್ ಸಿಸ್ಟಮ್‌ನ ತಿರುಳಿನಿಂದ, ತೆಗೆಯಬೇಕಾದದ್ದು ಯಾರೂ ಬಳಸದ, ಯಾರೂ ನೋಡಿಕೊಳ್ಳದ ಡ್ರೈವರ್‌ಗಳನ್ನು.

"ಸುಮ್ನೆ ಇರಲಿ ಬಿಡಿ, ಅನ್ನ ನೀರು ಕೇಳುತ್ತಾ?" ಅನ್ನುವವರಿದ್ದಾರೆ. ಕೇಳುತ್ತದೆ. ಕರ್ನಲ್‌ನ ಒಳಗೆ ಒಂದು ಫಂಕ್ಷನ್ ಬದಲಾದರೆ ಅದನ್ನು ಕರೆಯುವ ಡ್ರೈವರ್‌ಗಳನ್ನೆಲ್ಲ ತಿದ್ದಬೇಕು. ಆ ಡ್ರೈವರ್ ನಡೆಸುವ ಕಾರ್ಡೇ ಯಾರ ಹತ್ತಿರವೂ ಇಲ್ಲದಿದ್ದರೆ ತಿದ್ದಿದ್ದು ಸರಿಯಾಯಿತಾ ಅಂತ ನೋಡುವವರು ಯಾರು?

ಮೊದಲು ಆ ಡ್ರೈವರ್ ಫೈಲಿನ ಗಿಟ್ ಲಾಗ್, ಅಂದರೆ ಬದಲಾವಣೆಗಳ ಇತಿಹಾಸ, ತೆಗೆದು ನೋಡಿ. ಬರೀ ತಾರೀಖು ನೋಡಿದರೆ ಮೋಸ ಹೋಗುತ್ತೀರಿ. ಕಮಿಟ್‌ಗಳನ್ನು (ಅಲ್ಲಿ ದಾಖಲಾದ ಬದಲಾವಣೆಗಳನ್ನು) ಒಂದೊಂದಾಗಿ ಓದಿ. ಸ್ಪೆಲ್ಲಿಂಗ್ ತಿದ್ದಿದ್ದು, ಲೈಸೆನ್ಸ್ ಸಾಲು ಬದಲಿಸಿದ್ದು, ಇಡೀ ಕರ್ನಲ್‌ಗೆ ಒಟ್ಟಿಗೆ ಮಾಡಿದ ಬದಲಾವಣೆ, ಇವು ಯಾವುವೂ ಲೆಕ್ಕಕ್ಕಿಲ್ಲ. "ನನ್ನ ಕಾರ್ಡಲ್ಲಿ ಹೀಗಾಗುತ್ತಿತ್ತು, ಸರಿ ಮಾಡಿದೆ" ಅನ್ನುವಂಥ ಕಮಿಟ್ ಕೊನೆಗೆ ಬಂದದ್ದು ಯಾವಾಗ? ನಿಮಗೆ ಬೇಕಾದ ತಾರೀಖು ಅದು.

ಅದೇ ಹಾರ್ಡ್‌ವೇರ್‌ಗೆ ಇನ್ನೊಂದು ಡ್ರೈವರ್ ಇದ್ದರೆ ದಾರಿ ಸಲೀಸು. 2021ರಲ್ಲಿ, 5.14ನೇ ಆವೃತ್ತಿಯಲ್ಲಿ, ಐಡಿಇ ಅನ್ನುವ ಹಳೇ ಕಾಲದ ಡಿಸ್ಕ್ ಜೋಡಣೆಯ ಹಳೇ ಡ್ರೈವರ್‌ಗಳನ್ನೆಲ್ಲ ತೆಗೆದರು. ಐಡಿಇ ಡಿಸ್ಕ್‌ಗಳೇನೂ ನಿಲ್ಲಲಿಲ್ಲ. ಆ ಕೆಲಸವನ್ನು ಲಿಬ್‌ಎಟಿಎ ಅನ್ನುವ ಹೊಸ ಡ್ರೈವರ್ ಗುಂಪು ಆಗಲೇ ವಹಿಸಿಕೊಂಡಿತ್ತು.

ಅಳಿಸುವ ಮುಂಚೆಯೇ ಕರ್ನಲ್ ಜೊತೆಗೇ ಬರುವ ಗೆಟ್ ಮೇಂಟೇನರ್ ಸ್ಕ್ರಿಪ್ಟ್ ಓಡಿಸಿ, ನಿಮ್ಮ ಪ್ಯಾಚನ್ನು (ಬದಲಾವಣೆಯನ್ನು) ಯಾರಿಗೆ ಕಳಿಸಬೇಕು ಅಂತ ಬರೆದಿಟ್ಟುಕೊಳ್ಳಿ. ಅದು ಹೆಸರು ಹುಡುಕುವುದು ಮೇಂಟೇನರ್ಸ್ ಫೈಲಿನಲ್ಲಿ, ಅಂದರೆ ಯಾವ ಭಾಗವನ್ನು ಯಾರು ನೋಡಿಕೊಳ್ಳುತ್ತಾರೆ ಅನ್ನುವ ಪಟ್ಟಿಯಲ್ಲಿ. ಅಲ್ಲಿಂದ ನೀವೇ ಅಳಿಸಿದ ಮೇಲೆ ಅದೇನು ತೋರಿಸುತ್ತದೆ, ಅಲ್ವಾ?

ಸಿ ಫೈಲ್ ಅಳಿಸಿದರೆ ಕೆಲಸ ಶುರುವಾಯಿತು ಅಷ್ಟೇ. ಕೆಕಾನ್ಫಿಗ್ (ಆಯ್ಕೆಗಳ ಪಟ್ಟಿ), ಮೇಕ್‌ಫೈಲ್ (ಬಿಲ್ಡ್ ಸೂಚನೆ), ಮೇಂಟೇನರ್ಸ್, ಡಾಕ್ಯುಮೆಂಟೇಶನ್, ಆರ್ಚ್ ಫೋಲ್ಡರ್ ಕೆಳಗಿನ ಡೆಫ್‌ಕಾನ್ಫಿಗ್‌ಗಳು (ಸಿದ್ಧ ಆಯ್ಕೆಗಳು), ಎಲ್ಲ ಕಡೆ ಅದರ ಕುರುಹು ಇರುತ್ತದೆ. ಕಾನ್ಫಿಗ್ ಹೆಸರು ಹಿಡಿದು ಗಿಟ್ ಗ್ರೆಪ್‌ನಿಂದ ಹುಡುಕಿ, ಮೂಲೆಯಲ್ಲಿ ಕೂತದ್ದೂ ಸಿಗುತ್ತದೆ. ಯುಎಪಿಐ ಹೆಡರ್, ಅಂದರೆ ಹೊರಗಿನ ಪ್ರೋಗ್ರಾಮ್‌ಗಳೂ ಬಳಸುವ ಹೆಡರ್ ಫೈಲ್, ಅಳಿಸುವ ವಿಷಯದಲ್ಲಿ ಮಾತ್ರ ಹುಷಾರು. ಹೊರಗಿನ ಪ್ರೋಗ್ರಾಮ್ ಯಾವುದಾದರೂ ಅದನ್ನು ನಂಬಿಕೊಂಡಿದ್ದರೆ ಅದು ಕಂಪೈಲೇ ಆಗುವುದಿಲ್ಲ. ನಾನಾದರೆ ಹಾಗೇ ಬಿಟ್ಟುಬಿಡುತ್ತೇನೆ.

ಆಮೇಲೆ ಆಲ್‌ಮಾಡ್‌ಕಾನ್ಫಿಗ್ (ಆದಷ್ಟೂ ಎಲ್ಲವನ್ನೂ ಮಾಡ್ಯೂಲ್ ಆಗಿ ಆರಿಸುವ ಆಯ್ಕೆ) ಇಟ್ಟು ಬಿಲ್ಡ್ ಮಾಡಿ. ಹಳೇ ಲ್ಯಾಪ್‌ಟಾಪ್ ಆದರೆ ರಾತ್ರಿ ಹಚ್ಚಿ ಮಲಗಿಬಿಡಿ. ನಡುವೆ ಕರೆಂಟ್ ಹೋದರೂ ಬೆಳಗ್ಗೆ ಮತ್ತೆ ಮೇಕ್ ಕೊಟ್ಟರಾಯಿತು, ಆಗಿರುವ ಫೈಲ್‌ಗಳನ್ನು ಬಿಟ್ಟು ಮುಂದಕ್ಕೆ ಹೋಗುತ್ತದೆ.

ಒಂದು ಡ್ರೈವರ್‌ಗೆ ಒಂದೇ ಪ್ಯಾಚ್ ಇರಲಿ. ಯಾಕೆ ತೆಗೆಯುತ್ತಿದ್ದೀರಿ, ಕೊನೆಯ ನಿಜವಾದ ದುರಸ್ತಿ ಯಾವಾಗ ಆಗಿತ್ತು, ಕಮಿಟ್ ಸಂದೇಶದಲ್ಲಿ ಬರೆಯಿರಿ. ಮುಂದೆ ಯಾರಾದರೂ "ಆ ಕಾರ್ಡ್ ನನ್ನ ಹತ್ತಿರ ಓಡುತ್ತಿದೆ" ಅಂತ ಬಂದರೆ ವಾದಕ್ಕೆ ನಿಲ್ಲಬೇಡಿ. ಆ ಒಂದು ಪ್ಯಾಚನ್ನು ರಿವರ್ಟ್ ಮಾಡಿ (ವಾಪಸ್ ತೆಗೆದು), ಡ್ರೈವರ್ ನೋಡಿಕೊಳ್ಳುತ್ತೀರಾ ಅಂತ ಅವರನ್ನೇ ಕೇಳಿ.