ಎಲ್‌ಎಫ್‌ಟಿ ರಿಪೋರ್ಟ್ ಓದುವ ಬಗೆ

ಬೆಂಗಳೂರಿನ ಅನೇಕ ಲ್ಯಾಬ್‌ಗಳು ಈಗ ರಿಪೋರ್ಟನ್ನು ಮೊಬೈಲಿಗೇ ಕಳಿಸುತ್ತವೆ. ಡಾಕ್ಟರಿಗಿಂತ ಮೊದಲು ಮನೆಯವರು ನೋಡುತ್ತಾರೆ, ದಪ್ಪಕ್ಷರದ ಒಂದು ಸಂಖ್ಯೆಗೆ ಗಾಬರಿಯಾಗುತ್ತಾರೆ. ಎಲ್‌ಎಫ್‌ಟಿ ಅಂದರೆ ಲಿವರ್ ಫಂಕ್ಷನ್ ಟೆಸ್ಟ್; ಈ ಲಿವರ್ ಪರೀಕ್ಷೆಯಲ್ಲಿ ಒಂಟಿ ಸಂಖ್ಯೆ ಹೆಚ್ಚೇನೂ ಹೇಳದು. ಸಾಲುಗಳನ್ನು ಗುಂಪು ಮಾಡಿ ಓದಬೇಕು.

ಮೊದಲು ಎಸ್‌ಜಿಪಿಟಿ, ಎಸ್‌ಜಿಒಟಿ ಎಂಬ ಎರಡು ಕಿಣ್ವಗಳು. ಎಎಲ್‌ಟಿ, ಎಎಸ್‌ಟಿ ಎಂದು ಅಚ್ಚಾಗಿದ್ದರೂ ಇವೇ. ಲೀಟರಿಗೆ ಸುಮಾರು 40 ಯೂನಿಟ್ ಮೇಲ್ಮಿತಿ. ಲ್ಯಾಬಿನಿಂದ ಲ್ಯಾಬಿಗೆ ಬದಲಾಗುವುದರಿಂದ ಪಕ್ಕದಲ್ಲಿ ಕೊಟ್ಟ ಮಿತಿಯನ್ನೇ ನೋಡಿ. ಲಿವರ್ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತಿದೆ ಎಂಬುದು ಇವುಗಳಿಂದ ತಿಳಿಯದು. ಜೀವಕೋಶಕ್ಕೆ ಪೆಟ್ಟು ಬಿದ್ದು ಒಳಗಿನ ಕಿಣ್ವ ರಕ್ತಕ್ಕೆ ಸೋರಿದೆ, ಅಷ್ಟೇ. ಫ್ಯಾಟಿ ಲಿವರ್‌ನಲ್ಲಿ ಏರಿದರೂ ಸಾಮಾನ್ಯವಾಗಿ ಎರಡು-ಮೂರು ಪಟ್ಟಿನೊಳಗೆ. ವೈರಸ್ಸಿನ ಕಾಮಾಲೆ, ಪ್ಯಾರಾಸಿಟಮಾಲ್ ಅತಿಯಾದದ್ದು, ಇಂಥವುಗಳಲ್ಲಿ ಸಾವಿರ ದಾಟಬಹುದು. ಎಸ್‌ಜಿಒಟಿ ಎಸ್‌ಜಿಪಿಟಿಯ ಎರಡು ಪಟ್ಟಿದ್ದರೆ ಮದ್ಯದ ಅನುಮಾನ; ಆದರೆ ಡೆಂಗಿಯಲ್ಲೂ ಎಸ್‌ಜಿಒಟಿಯೇ ಮುಂದೆ. ಇದು ಸ್ನಾಯುವಿನಲ್ಲೂ ಇರುತ್ತದೆ: ಜಿಮ್‌ನಲ್ಲಿ ಭಾರ ಎತ್ತಿದ ಮರುದಿನ ರಕ್ತ ಕೊಟ್ಟರೆ ಲಿವರ್ ಸುಮ್ಮನೆ ಅಪವಾದ ಹೊರುತ್ತದೆ. ವಾರ ಬಿಟ್ಟು, ಸಿಪಿಕೆ (ಸ್ನಾಯುವಿನ ಕಿಣ್ವದ ಪರೀಕ್ಷೆ) ಜೊತೆಗೆ ಮತ್ತೆ ಮಾಡಿಸಿ.

ಎಎಲ್‌ಪಿ, ಜಿಜಿಟಿ ಎಂಬ ಇನ್ನೆರಡು ಕಿಣ್ವಗಳೂ ಏರಿದ್ದರೆ ಪಿತ್ತನಾಳದ ಕಡೆ ನೋಡಬೇಕು, ಸ್ಕ್ಯಾನಿಂಗ್ ಬೇಕಾಗುತ್ತದೆ. ಎಎಲ್‌ಪಿ ಮಾತ್ರ ಏರಿದ್ದರೆ ಅದು ಮೂಳೆಯದಿರಬಹುದು. ಬೆಳೆಯುವ ಮಕ್ಕಳಲ್ಲಿ, ತುಂಬು ಗರ್ಭಿಣಿಯರಲ್ಲಿ ಸಹಜ.

ಬಿಲಿರುಬಿನ್ (ಕಾಮಾಲೆಯಲ್ಲಿ ಕಣ್ಣು ಹಳದಿಯಾಗಿಸುವ ಬಣ್ಣ) ಡೆಸಿಲೀಟರಿಗೆ 1.2 ಮಿಲಿಗ್ರಾಂ ಮೇಲಿದ್ದರೆ ಅದರಲ್ಲಿ ಡೈರೆಕ್ಟ್ (ಲಿವರ್ ಸಂಸ್ಕರಿಸಿದ್ದು) ಎಷ್ಟು, ಇನ್‌ಡೈರೆಕ್ಟ್ (ಇನ್ನೂ ಸಂಸ್ಕರಿಸದ್ದು) ಎಷ್ಟು ನೋಡಿ. ಇನ್‌ಡೈರೆಕ್ಟ್ ಮಾತ್ರ ತುಸು ಜಾಸ್ತಿ, ಹಿಮೋಗ್ಲೋಬಿನ್ ಸೇರಿ ಉಳಿದೆಲ್ಲ ಸರಿ ಎಂದರೆ ಬಹುಪಾಲು ಗಿಲ್ಬರ್ಟ್ ಸಿಂಡ್ರೋಮ್ ಎಂಬ, ಹುಟ್ಟಿನಿಂದಲೇ ಬರುವ ನಿರಪಾಯ ಸ್ಥಿತಿ. ಉಪವಾಸವಿದ್ದಾಗ ಏರುತ್ತದೆ, ಔಷಧಿ ಬೇಡ.

ಲಿವರಿನ ನಿಜವಾದ ಶಕ್ತಿ ಹೇಳುವುದು ಆಲ್ಬುಮಿನ್ (ಲಿವರ್ ತಯಾರಿಸುವ ಪ್ರೋಟೀನು) ಮತ್ತು ಪಿಟಿ-ಐಎನ್‌ಆರ್ (ರಕ್ತ ಹೆಪ್ಪುಗಟ್ಟುವ ವೇಗದ ಪರೀಕ್ಷೆ). ಆಲ್ಬುಮಿನ್ ಡೆಸಿಲೀಟರಿಗೆ 3.5ರಿಂದ 5 ಗ್ರಾಂ ಇರಬೇಕು. ಇಳಿಯಲು ವಾರಗಳು ಬೇಕು. ಐಎನ್‌ಆರ್ ಒಂದೆರಡು ದಿನದಲ್ಲೇ ಕೆಡುತ್ತದೆ, ಆದರೆ ಪ್ಯಾಕೇಜಿನಲ್ಲಿ ಅದು ಸಾಮಾನ್ಯವಾಗಿ ಇರುವುದಿಲ್ಲ. ಕಾಮಾಲೆ ಇದ್ದರೆ ಕೇಳಿ ಮಾಡಿಸಿ. ನೀಲಿ ಮುಚ್ಚಳದ ಬೇರೆ ಟ್ಯೂಬ್ ಬೇಕು.

ಡಾಕ್ಟರಿಗೆ ನುಂಗುವುದೆಲ್ಲ ಹೇಳಿ: ಟಿಬಿ ಮಾತ್ರೆ, ಜಿಮ್ ಪೌಡರ್, ಅಮೃತಬಳ್ಳಿ ಕಷಾಯ ಕೂಡ. 'ನಾಟಿ ಔಷಧಿ ತಾನೇ' ಎಂದು ಬಿಡಬೇಡಿ, ಅಮೃತಬಳ್ಳಿಯಿಂದ ಲಿವರ್ ಕೆಟ್ಟ ಪ್ರಕರಣಗಳು ದಾಖಲಾಗಿವೆ.

ಕಾಮಾಲೆಯಲ್ಲಿ ಎಸ್‌ಜಿಪಿಟಿ 2000ದಿಂದ 300ಕ್ಕೆ ಇಳಿಯಿತೆಂದು ಸಮಾಧಾನಪಡುವ ಮುನ್ನ ಬಿಲಿರುಬಿನ್, ಐಎನ್‌ಆರ್ ನೋಡಿ. ಅವೆರಡೂ ಏರುತ್ತಿದ್ದರೆ ಸೋರಲು ಜೀವಕೋಶಗಳೇ ಉಳಿದಿಲ್ಲ ಎಂದಾಗಬಹುದು. ಐಎನ್‌ಆರ್ 1.5 ದಾಟಿ ರೋಗಿ ಮಂಕಾದರೆ, ಮಾತು ತಡವರಿಸಿದರೆ, ಲಿವರ್ ತಜ್ಞರಿರುವ ಆಸ್ಪತ್ರೆಗೆ ಆಗಲೇ ಹೊರಡಿ, ರಾತ್ರಿಯಾದರೂ ಸರಿ.