ಮೂಗಿಗೆ ಇಂಪ್ಲಾಂಟ್ ಹಾಕಿಸಿಕೊಂಡವರು ಸೋಂಕನ್ನು ದೂರವಿಡುವುದು ಹೇಗೆ?

ಅಪಘಾತದಲ್ಲಿ ಕುಸಿದ ಮೂಗನ್ನು ಎತ್ತರಿಸಲು ಅಥವಾ ಹುಟ್ಟಿನಿಂದ ಚಪ್ಪಟೆಯಾಗಿರುವ ಮೂಗಿಗೆ ಆಕಾರ ಕೊಡಲು ಸಿಲಿಕೋನ್‌ನಂಥ ಕೃತಕ ವಸ್ತುವನ್ನು, ಅಂದರೆ ಇಂಪ್ಲಾಂಟನ್ನು, ಚರ್ಮದಡಿ ಇಡುವ ಶಸ್ತ್ರಚಿಕಿತ್ಸೆ ಕೊರಿಯಾ ಮೊದಲಾದ ಪೂರ್ವ ಏಷ್ಯಾದ ದೇಶಗಳಲ್ಲಿ ದಶಕಗಳಿಂದ ನಡೆಯುತ್ತಿದ್ದು, ನಮ್ಮ ನಗರಗಳಲ್ಲಿಯೂ ಲಭ್ಯವಿದೆ. ಹೆಚ್ಚಿನವರ ಗಾಯ ತೊಂದರೆಯಿಲ್ಲದೆ ಮಾಯುತ್ತದೆ. ಆದರೆ ಇಂಪ್ಲಾಂಟಿಗೆ ಸೋಂಕು ತಗುಲಿತೆಂದರೆ ಬರಿಯ ಮಾತ್ರೆಗಳಿಂದ ಅದನ್ನು ಹೋಗಲಾಡಿಸುವುದು ಬಹಳ ಕಷ್ಟ. ಎಷ್ಟೋ ಸಲ ಇಟ್ಟ ವಸ್ತುವನ್ನೇ ಹೊರತೆಗೆಯಬೇಕಾಗುತ್ತದೆ.

ಇದಕ್ಕೆ ಕಾರಣ ಸರಳವಾಗಿದೆ. ನಮ್ಮ ಸ್ವಂತ ಮಾಂಸಕ್ಕೆ ರಕ್ತ ಹರಿಯುತ್ತದೆ, ರಕ್ತದೊಡನೆ ಬಿಳಿ ರಕ್ತಕಣಗಳೂ ಔಷಧಿಯೂ ಬಂದು ಸೇರುತ್ತವೆ. ನುಣುಪಾದ ಸಿಲಿಕೋನ್ ತುಂಡಿನೊಳಗೆ ರಕ್ತನಾಳಗಳೇ ಇಲ್ಲ. ಅದರ ಮೇಲೆ ನೆಲೆಯೂರಿದ ಬ್ಯಾಕ್ಟೀರಿಯಾಗಳು ತಮ್ಮ ಸುತ್ತ ಬಯೋಫಿಲ್ಮ್ ಎಂಬ ಲೋಳೆಯ ಪದರವನ್ನು ಕಟ್ಟಿಕೊಳ್ಳುತ್ತವೆ, ಆ ಪದರವನ್ನು ದಾಟಿ ಆ್ಯಂಟಿಬಯಾಟಿಕ್ ಸರಿಯಾಗಿ ಕೆಲಸ ಮಾಡಲಾರದು. ಈ ಬ್ಯಾಕ್ಟೀರಿಯಾಗಳು ಹೊರಗಿನಿಂದಲೇ ಬರಬೇಕೆಂದೂ ಇಲ್ಲ. ಸ್ಟ್ಯಾಫಿಲೊಕಾಕಸ್ ಆರಿಯಸ್ ಎಂಬುದು ಸುಮಾರು ಶೇ 30ರಷ್ಟು ಆರೋಗ್ಯವಂತರ ಮೂಗಿನೊಳಗೆ ಯಾವ ತೊಂದರೆಯನ್ನೂ ಕೊಡದೆ ವಾಸವಾಗಿರುತ್ತದೆ.

ಯಾವ ವಸ್ತು ಎಂಬುದನ್ನು ಮೊದಲು ಕೇಳಿ

ಸೋಂಕು ತಡೆಯುವ ಕೆಲಸ ಶಸ್ತ್ರಚಿಕಿತ್ಸೆಯ ದಿನಾಂಕ ಗೊತ್ತಾಗುವುದಕ್ಕೂ ಮುಂಚೆ, ಸರ್ಜನ್ ಎದುರು ಕುಳಿತಾಗಲೇ ಆರಂಭವಾಗಬೇಕು. ಸಿಲಿಕೋನ್ ನುಣುಪಾದ ವಸ್ತು; ದೇಹ ಅದರ ಸುತ್ತ ತೆಳುವಾದ ಚೀಲವೊಂದನ್ನು ಕಟ್ಟುತ್ತದೆ. ಹೀಗಾಗಿ ಬೇಡವಾದಾಗ ತೆಗೆಯುವುದು ಸುಲಭ, ಆದರೆ ಅದು ಜರುಗುವ, ಚರ್ಮವನ್ನು ಒತ್ತಿ ತೆಳುವಾಗಿಸುವ ಸಂಭವವಿದೆ. ಗೋರ್‌ಟೆಕ್ಸ್ ಎಂದು ಪರಿಚಿತವಾದ ವಸ್ತುವಿನಲ್ಲಿ ಸುಮಾರು 10ರಿಂದ 30 ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಅಗಲದ ಸೂಕ್ಷ್ಮರಂಧ್ರಗಳಿದ್ದು, ಅಲ್ಲಿಗೆ 1 ಮೈಕ್ರಾನ್ ಗಾತ್ರದ ಬ್ಯಾಕ್ಟೀರಿಯಾ ಸಲೀಸಾಗಿ ಹೋಗುತ್ತದೆ, ಅದನ್ನು ನುಂಗಬೇಕಾದ ದೊಡ್ಡ ರಕ್ಷಕ ಕಣಗಳಿಗೆ ದಾರಿ ಇಕ್ಕಟ್ಟಾಗುತ್ತದೆ. ಇನ್ನೂ ದೊಡ್ಡ ರಂಧ್ರಗಳಿರುವ ಪಾಲಿಎಥಿಲೀನ್‌ನೊಳಗೆ ರಕ್ತನಾಳಗಳು ಬೆಳೆಯುತ್ತವೆ, ಅದೇ ಕಾರಣಕ್ಕೆ ಕೆಟ್ಟಾಗ ಅದನ್ನು ಬಿಡಿಸಿ ತೆಗೆಯುವುದು ತ್ರಾಸದ ಕೆಲಸ. ಮೂಗಿನ ನಡುಗೋಡೆ, ಕಿವಿ ಅಥವಾ ಪಕ್ಕೆಲುಬಿನಿಂದ ತೆಗೆದ ಸ್ವಂತ ಮೃದ್ವಸ್ಥಿಯಲ್ಲಿ ಸೋಂಕಿನ ಅಪಾಯ ಸಾಮಾನ್ಯವಾಗಿ ಕಡಿಮೆ. ಹಿಂದೆ ಮೂಗಿನ ಶಸ್ತ್ರಚಿಕಿತ್ಸೆ ಆಗಿದ್ದವರು, ಚರ್ಮ ತೆಳುವಾಗಿರುವವರು, ಸಕ್ಕರೆ ಕಾಯಿಲೆ ಇರುವವರು "ನನ್ನದೇ ಮೃದ್ವಸ್ಥಿಯಿಂದ ಮಾಡಲು ಆಗುವುದಿಲ್ಲವೇ ಡಾಕ್ಟರೇ?" ಎಂದು ಕೇಳಲೇಬೇಕು. ಸಮಯ ಮತ್ತು ಖರ್ಚು ಹೆಚ್ಚಾದರೂ ಅಂಥವರಿಗೆ ಆ ದಾರಿಯೇ ಮೇಲೆಂದು ನನ್ನ ಅಭಿಪ್ರಾಯ.

ಶಸ್ತ್ರಚಿಕಿತ್ಸೆಗೆ ಮುಂಚಿನ ವಾರಗಳು

ಬೀಡಿ, ಸಿಗರೇಟನ್ನು ಕನಿಷ್ಠ 4 ವಾರ ಮೊದಲೇ ನಿಲ್ಲಿಸಬೇಕು, ಏಕೆಂದರೆ ನಿಕೋಟಿನ್ ಚರ್ಮದ ಸಣ್ಣ ರಕ್ತನಾಳಗಳನ್ನು ಕುಗ್ಗಿಸಿ ಗಾಯ ಮಾಯುವುದನ್ನು ತಡಮಾಡುತ್ತದೆ. ನಶ್ಯ ಸೇದುವ ಅಭ್ಯಾಸವಿರುವವರು ಅದನ್ನು ನಾಚಿಕೆಯಿಲ್ಲದೆ ವೈದ್ಯರಿಗೆ ಹೇಳಬೇಕು; ಹೊಗೆಸೊಪ್ಪಿನ ಪುಡಿ ನೇರವಾಗಿ ಹೊಲಿಗೆ ಬೀಳುವ ಜಾಗಕ್ಕೇ ಹೋಗುವುದರಿಂದ ಅದು ಸಿಗರೇಟಿಗಿಂತ ಸೌಮ್ಯವೆಂದು ಭಾವಿಸುವಂತಿಲ್ಲ. ಸಕ್ಕರೆ ಪ್ರಮಾಣ ಹತೋಟಿಗೆ ಬಂದಿರಬೇಕು. ಮೇಲ್ಸಾಲಿನ ಹಲ್ಲಿನ ಬೇರಿನಲ್ಲಿ ಕೀವು, ಸೈನಸ್ ಸೋಂಕು, ಮೂಗಿನ ಮೇಲೆ ಕೀವುಗುಳ್ಳೆ ಅಥವಾ ನೆಗಡಿ ಇದ್ದರೆ ಅದು ವಾಸಿಯಾಗುವವರೆಗೆ ದಿನಾಂಕವನ್ನು ಮುಂದೂಡಿಸಿಕೊಳ್ಳುವುದೇ ಒಳ್ಳೆಯದು.

ಮೂಗಿನ ಕೂದಲನ್ನು ಚಿಮುಟದಿಂದ ಕೀಳಬೇಡಿ. ಕಿತ್ತ ಬುಡದಲ್ಲೇ ಗುಳ್ಳೆಯೇಳುವುದುಂಟು. ಅಗತ್ಯವಿದ್ದರೆ ಆಪರೇಷನ್ ಥಿಯೇಟರಿನಲ್ಲಿಯೇ ಕತ್ತರಿಸುತ್ತಾರೆ. ಮೂಗುತಿಯನ್ನು ಆ ದಿನದವರೆಗೆ ಕಾಯದೆ ಸ್ವಲ್ಪ ಮುಂಚೆಯೇ ತೆಗೆಯಬೇಕು, ಏಕೆಂದರೆ ವರ್ಷಗಟ್ಟಲೆ ತೆಗೆಯದ ಮೂಗುತಿಯ ತಿರುಪಿನ ಸುತ್ತ ಕೊಳೆ ಗಟ್ಟಿಯಾಗಿ ಕುಳಿತಿರುತ್ತದೆ. ಮೂಗಿನೊಳಗಿನ ಸ್ಟ್ಯಾಫಿಲೊಕಾಕಸ್‌ಗಾಗಿ ಕೆಲವು ಸರ್ಜನ್ನರು ಮ್ಯುಪಿರೋಸಿನ್ ಮುಲಾಮನ್ನು ಸಾಮಾನ್ಯವಾಗಿ ದಿನಕ್ಕೆರಡು ಸಲದಂತೆ 5 ದಿನ ಹಚ್ಚಿಕೊಳ್ಳಲು ಬರೆದುಕೊಡುತ್ತಾರೆ. ಹೃದಯ ಮತ್ತು ಮೂಳೆಯ ಶಸ್ತ್ರಚಿಕಿತ್ಸೆಗೆ ಒಳಗಾಗುವ, ಮೂಗಿನಲ್ಲಿ ಈ ಬ್ಯಾಕ್ಟೀರಿಯಾ ಇರುವವರಿಗೆ ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಇದನ್ನು ಶಿಫಾರಸು ಮಾಡಿದ್ದು, ಬೇರೆ ಶಸ್ತ್ರಚಿಕಿತ್ಸೆಗಳಲ್ಲಿಯೂ ಪರಿಗಣಿಸಬಹುದೆಂದಿದೆ. ಬೇಕೇ ಬೇಡವೇ ಎಂಬುದನ್ನು ನಿಮ್ಮ ವೈದ್ಯರು ನಿರ್ಧರಿಸಲಿ.

ಥಿಯೇಟರಿನೊಳಗಿನ ಎಚ್ಚರಿಕೆ ನಿಮ್ಮ ಕೈಯಲ್ಲಿಲ್ಲ. ಚರ್ಮ ಕೊಯ್ಯುವುದಕ್ಕೆ ಮೊದಲಿನ ಒಂದು ಗಂಟೆಯೊಳಗೆ ರಕ್ತನಾಳದ ಮೂಲಕ ಆ್ಯಂಟಿಬಯಾಟಿಕ್ ಕೊಡುತ್ತಾರೆ. ಪೆನಿಸಿಲಿನ್ ಅಲರ್ಜಿ ಇದ್ದರೆ ಅದನ್ನು ಮೊದಲೇ ಬರೆಸಿರಿ.

ಮೊದಲ ವಾರ

ಮನೆಗೆ ಬಂದ ಮೇಲೆ ಎರಡು ದಿಂಬು ಹಾಕಿಕೊಂಡು ತಲೆ ಎತ್ತರಿಸಿ, ಅಂಗಾತ ಮಲಗಬೇಕು. ಮೂಗು ಅಲುಗದಂತೆ ಅದರ ಮೇಲೆ ಕೂರಿಸಿದ ಗಟ್ಟಿ ಕವಚವನ್ನು (ಸ್ಪ್ಲಿಂಟ್) ಸಾಮಾನ್ಯವಾಗಿ ಸುಮಾರು ಒಂದು ವಾರದ ಬಳಿಕ ತೆಗೆಯುತ್ತಾರೆ. ಅಲ್ಲಿಯವರೆಗೆ ಅದು ಒದ್ದೆಯಾಗದಂತೆ ಕತ್ತಿನಿಂದ ಕೆಳಗೆ ಮಾತ್ರ ಸ್ನಾನ ಮಾಡಿ, ಮುಖವನ್ನು ಒದ್ದೆ ಬಟ್ಟೆಯಿಂದ ಒರೆಸಿಕೊಳ್ಳಬೇಕು. ಒಳಗೆ ಬಟ್ಟೆಯ ಪ್ಯಾಕ್ ಇಟ್ಟಿದ್ದರೆ ಅದನ್ನು ಯಾವ ದಿನ ತೆಗೆಯುತ್ತಾರೆಂದು ಕೇಳಿ ಬರೆದಿಟ್ಟುಕೊಳ್ಳಿ, ಆ ದಿನವನ್ನು ತಪ್ಪಿಸಬೇಡಿ. ಪ್ಯಾಕ್ ಇರುವಾಗ ಇದ್ದಕ್ಕಿದ್ದಂತೆ ಜೋರು ಜ್ವರ, ವಾಂತಿ, ಮೈಮೇಲೆ ಕೆಂಪು ದದ್ದು, ತಲೆಸುತ್ತು ಬಂದರೆ ಅದು ಅಪರೂಪದ, ಆದರೆ ಪ್ರಾಣಾಪಾಯದ ಸ್ಥಿತಿಯಾಗಿರಬಹುದಾದ್ದರಿಂದ ತಕ್ಷಣ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಬೇಕು.

ಹೊಳ್ಳೆಯ ಅಂಚಿನಲ್ಲಿ ರಕ್ತ ಒಣಗಿ ಹಕ್ಕಳೆಗಟ್ಟುತ್ತದೆ. ವೈದ್ಯರು ಸ್ವಚ್ಛ ಮಾಡಲು ಹೇಳಿದ್ದರೆ ಅದಕ್ಕೊಂದು ಕ್ರಮವಿದೆ. ಮೊದಲು ಉಗುರು ಕತ್ತರಿಸಿ, ಸೋಪು ಹಾಕಿ ಕೈಯನ್ನು 20 ಸೆಕೆಂಡು ಉಜ್ಜಿ ತೊಳೆಯಿರಿ. ಹೊಸ ಹತ್ತಿಕಡ್ಡಿಯನ್ನು ಸಲೈನ್‌ನಲ್ಲಿ ಅದ್ದಿ ಹಕ್ಕಳೆಯ ಮೇಲೆ ಒಂದೆರಡು ನಿಮಿಷ ತಾಗಿಸಿ ಹಿಡಿದರೆ ಅದು ಮೆತ್ತಗಾಗುತ್ತದೆ. ಆಮೇಲೆ ಕಡ್ಡಿಯನ್ನು ಉಜ್ಜದೆ, ಹೊಲಿಗೆಯ ಉದ್ದಕ್ಕೂ ಮೆಲ್ಲಗೆ ಉರುಳಿಸಬೇಕು. ಕಣ್ಣಿಗೆ ಕಾಣುವ ಅಂಚಿನಾಚೆ ಕಡ್ಡಿ ಹೋಗಕೂಡದು. ಒಂದು ಹೊಳ್ಳೆಗೆ ಬಳಸಿದ ಕಡ್ಡಿಯನ್ನು ಇನ್ನೊಂದಕ್ಕೆ ಬಳಸಬೇಡಿ. ಬಿಡದ ಹಕ್ಕಳೆಯನ್ನು ಹಾಗೆಯೇ ಬಿಟ್ಟು, ಬರೆದುಕೊಟ್ಟ ಮುಲಾಮನ್ನು ತೆಳ್ಳಗೆ ಹಚ್ಚಿದರೆ ಸಾಕು.

ಮನೆಯ ಹಿರಿಯರು ಪ್ರೀತಿಯಿಂದಲೇ ಸೂಚಿಸುವ ಕೆಲವು ಉಪಚಾರಗಳು ಇಲ್ಲಿ ಸಲ್ಲವು. ಮೂಗು ಕಟ್ಟಿದೆಯೆಂದು ಬಿಸಿನೀರಿನ ಆವಿ ತೆಗೆದುಕೊಂಡರೆ ಊತವೂ ರಕ್ತಸ್ರಾವವೂ ಹೆಚ್ಚಬಹುದು, ಇನ್ನೂ ಸ್ಪರ್ಶ ಮರಳದ ಚರ್ಮ ಸುಟ್ಟರೂ ತಿಳಿಯುವುದಿಲ್ಲ. ಮೂಗಿಗೆ ತುಪ್ಪ ಅಥವಾ ಎಣ್ಣೆಯ ಹನಿ ಬಿಡುವುದು, ಹೊಲಿಗೆಯ ಮೇಲೆ ಅರಿಸಿನ ಮೆತ್ತುವುದು, ಜಲನೇತಿ ಮಾಡುವುದು, ಇವು ಯಾವುವೂ ಬೇಡ. ಗಾಯಕ್ಕೆ ಬೇಕಾಗಿರುವುದು ಹೆಚ್ಚಿನ ಆರೈಕೆಯಲ್ಲ, ಕೈ ಮುಟ್ಟದಿರುವುದು.

ಎರಡನೆಯ ವಾರದಿಂದ

ಮೊದಲ ಎರಡು ವಾರ ಮೂಗನ್ನು ಸೀಟಬಾರದು. ಸೀನು ಬಂದರೆ ತಡೆಯದೆ ಬಾಯಿ ತೆರೆದು ಸೀನಬೇಕು. ಕನ್ನಡಕದ ಭಾರ ಮೂಗಿನ ಏಣಿನ ಮೇಲೆ ಬೀಳದಂತೆ ಸಾಮಾನ್ಯವಾಗಿ 4ರಿಂದ 6 ವಾರ ನೋಡಿಕೊಳ್ಳಬೇಕು. ಮುಖ ಪೂರ್ತಿ ಮುಚ್ಚುವ ಹೆಲ್ಮೆಟ್ ಹಾಕುವಾಗ, ತೆಗೆಯುವಾಗ ಮೂಗಿಗೆ ಉಜ್ಜುವುದರಿಂದ ಅಷ್ಟು ದಿನ ದ್ವಿಚಕ್ರ ವಾಹನ ಬೇಡವೆಂದೇ ಹೇಳುತ್ತೇನೆ. ಈಜುಕೊಳ, ನದಿ, ಕಲ್ಯಾಣಿಗಳಲ್ಲಿ ಮುಳುಗುವುದನ್ನೂ, ಮೂಗುತಿಯನ್ನು ಮತ್ತೆ ಹಾಕುವುದನ್ನೂ ಸರ್ಜನ್ ಒಪ್ಪಿದ ಮೇಲೆಯೇ ಮಾಡಬೇಕು.

ಸೋಂಕನ್ನು ಗುರುತಿಸುವುದು

ಪ್ರತಿದಿನ ಅದೇ ಕಿಟಕಿಯ ಬೆಳಕಿನಲ್ಲಿ ಮೊಬೈಲಿನಿಂದ ಮೂಗಿನ ಚಿತ್ರವೊಂದನ್ನು ತೆಗೆದಿಟ್ಟುಕೊಳ್ಳಿ. ಸಹಜವಾದ ಊತ ಮೊದಲ ಮೂರು ದಿನ ಹೆಚ್ಚಿ, ಆಮೇಲೆ ನಿಧಾನವಾಗಿ ಇಳಿಯುತ್ತದೆ. ಇಳಿದ ಊತ ಮತ್ತೆ ಏರಿದರೆ, ಕೆಂಪು ಹರಡಿದರೆ, ಮೂಗು ಬಿಸಿಯಾಗಿ ನೋವು ಮಿಡಿಯತೊಡಗಿದರೆ, ಕೀವು ಅಥವಾ ದುರ್ವಾಸನೆ ಬಂದರೆ, ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಮುಂದಿನ ತಪಾಸಣೆಯ ದಿನದವರೆಗೆ ಕಾಯಬೇಡಿ. ಕೀವನ್ನು ಹಿಸುಕಬೇಡಿ, ಏಕೆಂದರೆ ಮೂಗಿನ ಸುತ್ತಲಿನ ರಕ್ತನಾಳಗಳು ಮಿದುಳಿನ ತಳದ ರಕ್ತನಾಳಗಳೊಡನೆ ಸಂಪರ್ಕ ಹೊಂದಿವೆ. ಮೆಡಿಕಲ್ ಶಾಪಿನಿಂದ ನೀವೇ ಆ್ಯಂಟಿಬಯಾಟಿಕ್ ತಂದು ನುಂಗಿದರೆ ಲಕ್ಷಣಗಳು ಕೆಲದಿನ ಅಡಗಿ, ಕೀವಿನ ಪರೀಕ್ಷೆಯಲ್ಲಿ ಯಾವ ಬ್ಯಾಕ್ಟೀರಿಯಾ ಎಂಬುದೂ ತಿಳಿಯದೆ ಹೋಗಬಹುದು.

ತಿಂಗಳುಗಳ, ವರ್ಷಗಳ ನಂತರವೂ ಸೋಂಕು ಬರಬಹುದೆಂಬುದನ್ನು ಅನೇಕರು ಮರೆಯುತ್ತಾರೆ. ಮೂಗಿನ ತುದಿಯ ಚರ್ಮ ತೆಳುವಾಗಿ ಹೊಳೆಯುವುದು, ಬಿಟ್ಟುಬಿಟ್ಟು ಕೆಂಪಾಗುವುದು, ಒಳಗೆ ಬಿಳಿಯದೇನೋ ಕಾಣಿಸುವುದು, ಸೂಜಿಮೊನೆಯಷ್ಟು ರಂಧ್ರದಿಂದ ನೀರೊಸರುವುದು, ಇವು ಇಂಪ್ಲಾಂಟ್ ಹೊರಬರುವ ಸೂಚನೆಗಳು. ಚರ್ಮ ಒಡೆಯುವ ಮುನ್ನವೇ ಇಂಪ್ಲಾಂಟ್ ತೆಗೆಸಿದರೆ ಮೂಗನ್ನು ಉಳಿಸಿಕೊಳ್ಳುವುದು ಸುಲಭ. ತಡಮಾಡಿದರೆ ಒಳಗೆ ಕಲೆಗಟ್ಟಿ ಮೂಗು ಮೇಲಕ್ಕೆ ಎಳೆದುಕೊಂಡು ಗಿಡ್ಡವಾಗುತ್ತದೆ. ಸೋಂಕು ಪೂರ್ತಿ ಇಳಿದ ಮೇಲೆ, ಹಲವು ಸಲ ತಿಂಗಳುಗಳ ಅಂತರ ಬಿಟ್ಟು, ಸ್ವಂತ ಮೃದ್ವಸ್ಥಿಯಿಂದ ಮತ್ತೆ ಆಕಾರ ಕೊಡಲು ಸಾಧ್ಯವಿದೆ.

ಆದ್ದರಿಂದ ಇಂಪ್ಲಾಂಟಿನ ಹೆಸರು, ಅಳತೆ, ಲಾಟ್ (ತಯಾರಿಕೆಯ ಕಂತಿನ) ಸಂಖ್ಯೆ ಇರುವ ಸ್ಟಿಕರನ್ನು ಡಿಸ್ಚಾರ್ಜ್ ಪತ್ರದ ಮೇಲೆ ಅಂಟಿಸಿಕೊಡುವಂತೆ ಕೇಳಿ, ಅದರ ಚಿತ್ರವನ್ನು ಮೊಬೈಲಿನಲ್ಲಿಯೂ ಇಟ್ಟುಕೊಳ್ಳಿ. ಹತ್ತು ವರ್ಷದ ಬಳಿಕ ಬೇರೊಂದು ಊರಿನ ಸರ್ಜನ್ ನಿಮ್ಮ ಮೂಗನ್ನು ನೋಡಬೇಕಾಗಿ ಬಂದರೆ, ಒಳಗಿರುವುದು ಸಿಲಿಕೋನೋ ಪಾಲಿಎಥಿಲೀನೋ ಎಂಬುದನ್ನು ಅವರು ಆ ಸ್ಟಿಕರಿನಿಂದಲೇ ತಿಳಿಯುತ್ತಾರೆ.